ಹೆಂಡತಿ ಕೊಟ್ಟ ಎರಡು ನಕ್ಷತ್ರ

ಸಕ್ಕರೆ ಕಾಯಿಲೆ ಹೆಂಡತಿಯ ಕಣ್ಣಿಗೆ ಇಳಿದ ಮೇಲೆ ಮಾವಳ್ಳಿಯ ನಮ್ಮ ಮನೆಯಲ್ಲಿ ಪೇಪರು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅದಕ್ಕೆ ಲಾಯಕ್ಕಾದವನಲ್ಲ. ಬಸ್ಸು ಮಗುಚಿದ್ದು, ಜ್ವರ ಹಬ್ಬಿದ್ದು ಕಣ್ಣಿಗೆ ಬಿದ್ದರೆ ನನ್ನದೇ ಎದೆ ಹೊಡೆದುಕೊಳ್ಳುತ್ತಿತ್ತು. ಅದನ್ನು ಹಾರಿಸಿ ಮುಂದಿನದಕ್ಕೆ ಹೋಗುತ್ತಿದ್ದೆ. ಅವಳಿಗೆ ಗೊತ್ತಾಗುತ್ತಿತ್ತು. "ಇವತ್ತೂ ಲೋಕದಲ್ಲಿ ಯಾರೂ ಸಾಯ್ಲಿಲ್ವಾ?" ಎನ್ನುತ್ತಿದ್ದಳು.

ಕುಮಟೆಯ ಕಣ್ಣಿನ ಡಾಕ್ಟರು ಅವಳ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಪುಟದ ಫೋಟೋ ತೆಗೆದರೆ ಅದು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತದೆ, ಪುಕ್ಕಟೆ. ಮಳೆಗಾಲವಿಡೀ ಅವಳು ನನ್ನ ಹಂಗಿಲ್ಲದೆ ಪೇಪರು ಕೇಳಿದಳು. ಆಮೇಲೆ ಹೊಸ ಆವೃತ್ತಿ ಬಂತು. ಅಂದಿನಿಂದ ಅದು ಅಕ್ಕಪಕ್ಕದ ಎರಡು ಕಾಲಮ್ಮುಗಳನ್ನು ಒಂದೇ ಸಾಲೆಂದು ತಿಳಿದು ಓದತೊಡಗಿತು. ಸಂತೆಗುಳಿಯ ಹಿರಿಯರೊಬ್ಬರು "ಪತ್ನಿ, ಇಬ್ಬರು ಪುತ್ರರು ಹಾಗೂ ಸೀರೆಗಳ ಮೇಲೆ ಭಾರೀ ರಿಯಾಯಿತಿಯನ್ನು ಅಗಲಿದ್ದಾರೆ" ಎಂದಿತು. ಮೊದಲ ದಿನ ಇಬ್ಬರೂ ನಕ್ಕೆವು. ಕ್ರಮೇಣ ಅವಳು ಪೇಪರು ಕೇಳುವುದನ್ನೇ ಬಿಟ್ಟಳು. ನೀವೇ ಓದಿ ಎಂದು ನನಗೆ ಹೇಳಲೂ ಇಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

ಅವಳ ಫೋನಿನಿಂದಲೇ ಕಂಪನಿಗೆ ದೂರು ಬರೆದೆ. ಅರ್ಧ ದೂರು, ಅರ್ಧ ಕ್ಷಮಾಪಣೆ. ಅಲ್ಲಿಂದ ಹುಡುಗಿಯೊಬ್ಬಳು ಫೋನು ಮಾಡಿದಳು.

"ಹಿಂದಿ, ತಮಿಳಿನಲ್ಲೂ ಇದೇ ತೊಂದರೆ ಇತ್ತು ಸರ್. ಅವರು ತುಂಬಾ ಬೈದರು, ಹಾಗಾಗಿ ಮೊದಲು ಅದನ್ನು ಸರಿಮಾಡಿದೆವು. ಕನ್ನಡದವರು ಎಲ್ಲಾ ಐದು ನಕ್ಷತ್ರ ಕೊಡ್ತಾರೆ. ಖುಷಿಯಾಗಿರುವವರ ಕೆಲಸ ಕೊನೆಗೆ ಹೋಗ್ತದೆ."

"ಎಲ್ಲಾ ಅಂದರೆ?"

"ಈ ಫೋನಿನಿಂದಲೂ ಪ್ರತಿ ಸಲ ಐದೇ ಬಂದಿದೆ ಸರ್."

ಓದಿ ಮುಗಿಸಿದ ಮೇಲೆ ಆ್ಯಪು "ಹೇಗಿತ್ತು?" ಎಂದು ಕೇಳಿ, ಒತ್ತಲು ಐದು ನಕ್ಷತ್ರ ತೋರಿಸುತ್ತದೆ. ಐದು ಯಾಕೆ ಒತ್ತಿದೆ ಎಂದು ಹೆಂಡತಿಯನ್ನು ಕೇಳಿದೆ.

"ಕೇಳಿದವ್ರ ಮುಖಕ್ಕೆ ಚಲೋ ಇರ್ಲಿಲ್ಲ ಅಂತ ಎಂತಕ್ಕೆ ಹೇಳೂದು? ಪಾಪ, ಪುಕ್ಕಟೆ ಕೊಟ್ಟವ್ರು."

ಬೈಯುವುದು ಹೇಗೆ? ಮದುವೆ ಮನೆಯ ಸಾರು ಹಳಸಿದ್ದರೂ ಕೈ ತೊಳೆಯುತ್ತ "ಅಡ್ಡಿಲ್ಲ, ಊಟ ಚಲೋ ಆತು" ಎಂದೇ ಹೊರಡುವವರು ನಾವು.

ಭಟ್ಕಳದಲ್ಲಿ ನಾನು ಕೆಲಸ ಮಾಡುವ ಬಟ್ಟೆ ಅಂಗಡಿಯ ಸಾಹುಕಾರರಿಗೂ ಕಣ್ಣು ಮಂಜು, ಅವರದೂ ಅದೇ ಆ್ಯಪು. ಅವರೂ ಐದೇ ಕೊಡುತ್ತಿದ್ದರು.

"ಗಿರಾಕಿ ನನ್ನ ಅಂಗಡಿಗೆ ಎರಡು ಕೊಟ್ರೆ ನನಗೆ ಹೇಗೆ ಆಗ್ತದೆ?" ಎಂದರು.

"ಹಾಗಾದ್ರೆ ಸರಿ ಮಾಡ್ಸೂದು ಯಾರು?"

"ನೀನು ಬರ್ದಿದ್ದೀಯಲ್ಲ ಮಾರಾಯ. ಊರಿನ ಚಿಂತೆ ಎಲ್ಲಾ ನಿನ್ನ ಹತ್ರವೇ ಇರೂದು, ಇದೂ ಇರ್ಲಿ."

ವಾಪಸು ಬರುವಾಗ ಬಸ್ಸಿನಲ್ಲಿ ಹೊಸ ಚಿಂತೆ ಹತ್ತಿತು. ಎಲ್ಲರೂ ನಕ್ಷತ್ರ ಕಡಿಮೆ ಮಾಡಿ, ಕಂಪನಿಯವರು ಕನ್ನಡವೇ ಬೇಡವೆಂದು ಮುಚ್ಚಿಬಿಟ್ಟರೆ? ಮನೆಗೆ ಬಂದು ಅದನ್ನೂ ಹೇಳಿದೆ. ಹೆಂಡತಿ, "ಪೇಪರಿನ ಫೋಟೋ ತೆಗೀರಿ" ಎಂದಳು.

ಆ್ಯಪು ಕಾಸರಕೋಡದಲ್ಲಿ ದೋಣಿ ಮಗುಚಿದ ಸುದ್ದಿಗೆ ಹೊನ್ನಾವರದ ಕಲ್ಯಾಣಮಂಟಪದ ಜಾಹೀರಾತು ಬೆರೆಸಿ ಓದಿ, "ಹೇಗಿತ್ತು?" ಎಂದಿತು. ಅವಳ ಹೆಬ್ಬೆರಳು ಗಾಜಿನ ಮೇಲೆ ನಿಂತಿತು.

"ಒಂದು ಒತ್ತಿದ್ರೆ ಆ ಹುಡುಗಿಗೆ ಯಾರಾದ್ರೂ ಬೈತ್ರಾ?"

"ಗೊತ್ತಿಲ್ಲ."

"ಹಾಗಾದ್ರೆ ಎರಡು."

ಬೆರಳು ಹಿಡಿದು ಎರಡನೆಯ ನಕ್ಷತ್ರ ತೋರಿಸಿದೆ. ಐದು ಕೊಟ್ಟಾಗ ಧನ್ಯವಾದ ಹೇಳಿ ಸುಮ್ಮನಾಗುತ್ತಿದ್ದ ಆ್ಯಪು ಮೊದಲ ಬಾರಿಗೆ, "ಏನು ತೊಂದರೆಯಾಯಿತು? ಮಾತಾಡಿ ತಿಳಿಸಿ" ಎಂದಿತು. ಅವಳು ನನ್ನನ್ನು ಒಳಗೆ ಕಳಿಸಿದಳು. ಚಾಕ್ಕೆ ನೀರಿಟ್ಟು ಕಿವಿಯನ್ನು ಜಗಲಿಯಲ್ಲೇ ಬಿಟ್ಟೆ.

ಕಾಲಮ್ಮಿನ ವಿಷಯ ಬೇಗ ಮುಗಿಯಿತು. ಅವಳು ನಿಲ್ಲಿಸಲಿಲ್ಲ. "ಮನೇಲಿ ಓದಿ ಹೇಳೂಕೆ ಒಬ್ರು ಇದ್ರು. ಅವ್ರಿಗೆ ಹೆದರಿಕೆ ಜಾಸ್ತಿ, ಕೆಟ್ಟದ್ದೆಲ್ಲ ಹಾರಿಸ್ತ್ರು. ನಾಳೆ ನಂಗೆ ಪೂರ್ತಿ ಕಾಣದೆ ಹೋದ್ರೆ ಅವ್ರು ಹೇಳಿದ್ದಷ್ಟೇ ನನ್ನ ಲೋಕ ಆಗ್ತದೆ. ಅದು ನಂಗೆ ಬೇಡ. ಬೇಗ ಸರಿ ಮಾಡಿ."

ನೀರು ಕುದಿದು ಅರ್ಧವಾಗಿತ್ತು.

ಹೊಸ ಆವೃತ್ತಿ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ನಾನೇ ಓದುತ್ತಿದ್ದೇನೆ, ಸತ್ತವರನ್ನೂ ಬಿಡದೆ. ಓದಿ ಮುಗಿಸಿ ಹೇಗಿತ್ತು ಎಂದು ಕೇಳುವ ಧೈರ್ಯ ಮಾತ್ರ ಬಂದಿಲ್ಲ.