ಅದು ಎಂದರೆ ಯಾರು

ಹೊನ್ನಾವರದ ಇಂಗ್ಲಿಷ್ ಶಾಲೆಯಲ್ಲಿ ನಮ್ಮ ವರ್ಗಕ್ಕೆ ಹುಡುಗಿಯರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬಳು ಕಾಸರಕೋಡಿನಿಂದ ದಿನಾ ತಾರಿ ದೋಣಿಯಲ್ಲಿ ಹೊಳೆ ದಾಟಿ ಬರುತ್ತಿದ್ದ ಕೊಂಕಣಿ ಹುಡುಗಿ. ಗೋಡೆಯ ಬದಿಗೆ ನಮಗೆಂದೇ ಒಂದು ಬೇರೆ ಬೆಂಚು ಹಾಕಿದ್ದರು. ನಮ್ಮಿಬ್ಬರಿಗೂ ಇಂಗ್ಲಿಷಿನಲ್ಲಿ ಒಂದೇ ಜಾಗದಲ್ಲಿ ಕಾಲು ಜಾರುತ್ತಿತ್ತು. ಹೀ, ಶೀ, ಇಟ್.

ಕಾರಣ ಇಷ್ಟೇ. ನಮ್ಮ ಮನೆಮಾತಿನಲ್ಲಿ ಗಂಡಸು ಬಂದರೆ ‘ಅಂವ ಬಂದ’, ಹೆಂಗಸು ಬಂದರೆ ‘ಅದು ಬಂತು’. ಆಯಿ ಅಡಿಗೆ ಮಾಡ್ತು, ಅಕ್ಕ ಹೂ ಕೊಯ್ತು, ಅತ್ತೆ ಊರಿಗೆ ಹೋತು. ಕಟ್ಟಿದ ಹಸುವೂ ಅದು, ಹಸುವನ್ನು ಕಟ್ಟಿದ ಅತ್ತೆಯೂ ಅದು. ಕೊಂಕಣಿಯಲ್ಲೂ ಚಿಕ್ಕ ಹುಡುಗಿಯ ಮಾತು ಬಂದರೆ ಅದು ಎಂದೇ ಹೇಳುವುದಂತೆ. ‘ಅವಳು’ ಎಂಬುದು ನಮಗಿಬ್ಬರಿಗೂ ಪುಸ್ತಕದ ಶಬ್ದವಾಗಿತ್ತು. ಓದುವಾಗ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಮೊದಲ ವರ್ಷ ಮಾಸ್ತರರು ತಾಯಿಯ ಬಗ್ಗೆ ಐದಾರು ವಾಕ್ಯ ಬರೆದುಕೊಂಡು ಬರಲು ಹೇಳಿದರು. ನಾನು ಶ್ರದ್ಧೆಯಿಂದ ಬರೆದೆ. ‘ಇಟ್ ಗೆಟ್ಸ್ ಅಪ್ ಅರ್ಲಿ. ಇಟ್ ಕುಕ್ಸ್ ರೈಸ್.’ ಮಾಸ್ತರರು ಅದನ್ನು ಗಟ್ಟಿಯಾಗಿ ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳಿದರು:

“ನಿನ್ನ ಆಯಿ ಎಂತದೆ, ಮೇಜೋ, ಕುರ್ಚಿಯೋ?”

ಹುಡುಗರೆಲ್ಲ ನಕ್ಕರು. ಮಾಸ್ತರರಿಗೆ ನೋಯಿಸುವ ಉದ್ದೇಶವಿರಲಿಲ್ಲ, ಅವರು ಹೊಡೆಯುವವರೂ ಅಲ್ಲ. ಆದರೂ ನನಗೆ ಕಣ್ಣಲ್ಲಿ ನೀರು ಬಂತು. ಸಂಜೆ ಮನೆಗೆ ಬಂದವಳೇ ಒಲೆಯ ಮುಂದೆ ಕೂತ ಆಯಿಯನ್ನು ಕೇಳಿದೆ.

“ಅಪ್ಪಯ್ಯಂಗೆ ಅಂವ ಹೇಳ್ತ. ನಿಂಗೆ ಮಾತ್ರ ಅದು ಹೇಳದು ಎಂತಕ್ಕೆ?”

ಆಯಿ ಊದುಗೊಳವೆ ಕೆಳಗಿಟ್ಟಳು. “ಮತ್ತೆ ಎಂತ ಹೇಳಕಾಗಿತ್ತು?”

“ಶೀ ಹೇಳವು. ಇಂಗ್ಲಿಷಲ್ಲಿ ಹೆಂಗಸರಿಗೆ ಶೀ.”

“ಛೀ ಹೇಳಿಸ್ಕಂಬದಕ್ಕಿಂತ ಅದು ಹೇಳಿಸ್ಕಂಬದೇ ಅಡ್ಡಿಲ್ಲೆ,” ಎಂದು ಆಯಿ ಮತ್ತೆ ಒಲೆ ಊದತೊಡಗಿದಳು.

ಮಾಸ್ತರರು ಒಂದು ಉಪಾಯ ಹೇಳಿಕೊಟ್ಟರು. ಬಾಯಿ ತೆಗೆಯುವ ಮೊದಲು ಯಾರ ಬಗ್ಗೆ ಹೇಳುತ್ತೀಯೋ ಅವರ ಮುಖವನ್ನು ಒಮ್ಮೆ ಕಣ್ಣ ಮುಂದೆ ತಂದುಕೋ, ಆಮೇಲೆ ಹೇಳು ಎಂದರು. ನಾನು ಮನೆಯ ಕಿಟಕಿಯಲ್ಲಿ ನಿಂತು ದಾರಿಯಲ್ಲಿ ಹೋಗುವವರನ್ನು ನೋಡುತ್ತ ಅಭ್ಯಾಸ ಮಾಡುತ್ತಿದ್ದೆ. ಮೀನಿನ ಬುಟ್ಟಿ ಹೊತ್ತವಳು ಶೀ, ಪೋಸ್ಟಿನವನು ಹೀ, ಅವನ ಹಿಂದೆ ಹೋದ ನಾಯಿ ಇಟ್. ಹೆಡ್‌ಮಾಸ್ತರರು ಹೋದರೆ ಮಾತ್ರ ತೊಡಕು. ಅಷ್ಟು ದೊಡ್ಡವರನ್ನು ಪೋಸ್ಟಿನವನ ಹಾಗೆ ಹೀ ಎನ್ನುವುದು ಹೇಗೆ? ಬಹಳ ದಿನ ಅವರನ್ನು ದೇ ಎಂದೇ ಕರೆದೆ. ವರ್ಗದ ಮುಕ್ಕಾಲು ಪಾಲು ಹುಡುಗರೂ ಹಾಗೆಯೇ ಹೇಳುತ್ತಿದ್ದರು. ಅಂತೂ ಹದಿನಾಲ್ಕು ತುಂಬಿ ಇಂಗ್ಲಿಷ್ ನಾಲ್ಕನೇ ಇಯತ್ತೆಗೆ ಬರುವ ಹೊತ್ತಿಗೆ ಬರೆಯುವುದರಲ್ಲಿ ತಪ್ಪು ಕಡಿಮೆಯಾಯಿತು. ಮಾತನಾಡುವ ಪ್ರಸಂಗವೇ ಇರಲಿಲ್ಲ. ಹೊನ್ನಾವರದಲ್ಲಿ ಇಂಗ್ಲಿಷಿನಲ್ಲಿ ಯಾರ ಹತ್ತಿರ ಮಾತಾಡುವುದು?

ಆ ವರ್ಷ, ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ, ಭಟ್ಕಳಕ್ಕೆ ಕೊಟ್ಟ ನನ್ನ ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಬಂದ ಹೊಸತರಲ್ಲಿ ಲವಲವಿಕೆಯಿಂದಿದ್ದಳು. ಭಟ್ಕಳದ ಪಕ್ಕದ ಮನೆಯ ಮುಸಲ್ಮಾನರಿಂದ ಕಲಿತ ನವಾಯತಿ ಮಾತನ್ನು ಅವರದೇ ರಾಗದಲ್ಲಿ ಆಡಿ ತೋರಿಸಿ ನಮ್ಮನ್ನು ನಗಿಸುತ್ತಿದ್ದಳು. ಎಂಟು ತಿಂಗಳು ತುಂಬಿದ ಮೇಲೆ ಕಾಲು ಬಾತುಕೊಂಡವು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದರು. ಆಮೇಲೆ ಮುಖವೂ ಊದಿತು, ತಲೆನೋವು ಶುರುವಾಯಿತು. ಒಂದು ಮಧ್ಯಾಹ್ನ ಊಟಕ್ಕೆ ಕರೆದರೆ ಏಳಲಿಲ್ಲ. ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವಳು ಮರುದಿನ ಬೆಳಗಿನವರೆಗೂ ಹಾಗೆಯೇ ಇದ್ದಳು. ಕೇಳಿದ್ದಕ್ಕೆ ಹೂಂ ಎನ್ನುವುದಕ್ಕೂ ತಡವಾಗುತ್ತಿತ್ತು.

ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ, ಕಣ್ಣಿನ ರೆಪ್ಪೆ ಎತ್ತಿ ನೋಡಿ, ಎದ್ದು ನಿಂತಳು. “ಅಮ್ಮಾ, ಇದು ನನ್ನ ಕೈಲಿ ಆಗೂದಲ್ಲ. ಈಗ್ಲೇ ಕುಮಟೆಗೆ ಕರ್ಕಂಡು ಹೋಗಿ. ಅಲ್ಲಿ ಡಾಕ್ಟರ್ ಬಾಯಿ ಬಂದಿದ್ರಂತೆ.”

ಅಪ್ಪಯ್ಯ ಮಾಮಲೇದಾರ ಕಚೇರಿಯಲ್ಲಿ ಗುಮಾಸ್ತ. ಅದೇ ವಾರ ಕಚೇರಿ ಕೆಲಸದ ಮೇಲೆ ಕಾರವಾರಕ್ಕೆ ಹೋಗಿದ್ದರು. ಆಯಿ ಅಕ್ಕನ ಒಂದು ರಟ್ಟೆ ಹಿಡಿದಳು, ನಾನು ಇನ್ನೊಂದು. ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಏರು ಬಂದಲ್ಲಿ ಗಂಡಸರೆಲ್ಲ ಇಳಿದು ನಡೆದರು. ನಮ್ಮನ್ನು ಮಾತ್ರ ಡ್ರೈವರ್ ಇಳಿಯಗೊಡಲಿಲ್ಲ. ಅಕ್ಕ ಆಯಿಯ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡೇ ಇದ್ದಳು.

ಡಾಕ್ಟರ್ ಬಾಯಿ ಎಂದರೆ ಹೆಂಗಸು ಡಾಕ್ಟರು. ಅವರು ಮದರಾಸಿನ ಕಡೆಯವರು, ಕುಮಟೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಕನ್ನಡವಿಲ್ಲ, ಕೊಂಕಣಿಯಿಲ್ಲ. ಮಾತು ತಿಳಿಸಿ ಹೇಳುವ ಕಂಪೌಂಡರ್ ಅವತ್ತು ಯಾರದೋ ಮದುವೆಗೆ ಹೋಗಿದ್ದ. ಜಗಲಿಯ ತುಂಬ ಜನ. ನಮ್ಮ ಸರದಿ ಬಂದಾಗ ಡಾಕ್ಟರರು ಆಯಿಯನ್ನು ನೋಡಿ ಏನೋ ಕೇಳಿದರು. ಆಯಿ ನನ್ನನ್ನು ಮುಂದೆ ತಳ್ಳಿದಳು.

“ಹೇಳೆ ತಂಗಿ. ನಿನ್ನೆ ಮಧ್ಯಾಹ್ನಂದ ಅದು ಹಂದ್ತೇ ಇಲ್ಲೆ ಹೇಳು.”

ಹಂದುವುದೆಂದರೆ ಅಲುಗಾಡುವುದು. ನಾನು ಅಷ್ಟು ದೊಡ್ಡ ಮನುಷ್ಯರ ಮುಂದೆ ಇಂಗ್ಲಿಷ್ ಆಡಿದ್ದು ಅದೇ ಮೊದಲು. ಮುಖವನ್ನು ಕಣ್ಣ ಮುಂದೆ ತಂದುಕೊಳ್ಳುವ ಪಾಠವೆಲ್ಲ ಎಲ್ಲಿಗೋ ಹೋಗಿತ್ತು. ಆಯಿ ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ.

“ಫ್ರಮ್ ಯೆಸ್ಟರ್‌ಡೇ ಇಟ್ ಈಸ್ ನಾಟ್ ಮೂವಿಂಗ್.”

ಮುಂದಿನ ಮಾತು ಹೇಳುವುದರೊಳಗೆ ಡಾಕ್ಟರರು ಎದ್ದರು. ಅಕ್ಕನನ್ನು ಬಾಕಿನ ಮೇಲೆ ಮಲಗಿಸಿ, ಮರದ ಸಣ್ಣ ಕೊಳವೆಯೊಂದನ್ನು ಅವಳ ಹೊಟ್ಟೆಗೆ ಹಚ್ಚಿ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. ಕೈಯಿಂದ ಅಲ್ಲಲ್ಲಿ ಒತ್ತಿದರು. ಅವರ ಮುಖ ಸಡಿಲವಾಯಿತು. ಮಗು ಚೆನ್ನಾಗಿದೆ, ಈಗಲೇ ನನ್ನ ಕೈಗೆ ಒದೆಯಿತು, ಚೊಚ್ಚಲಲ್ಲಿ ಎಲ್ಲರೂ ಹೀಗೆಯೇ ಹೆದರುತ್ತಾರೆ, ಮನೆಗೆ ಹೋಗಿ ಎಂದು ಇಂಗ್ಲಿಷಿನಲ್ಲಿ ಹೇಳಿ, ಬಾಗಿಲಲ್ಲಿ ನಿಂತವರಿಗೆ ಒಳಗೆ ಬರುವಂತೆ ಕೈ ಮಾಡಿದರು.

“ಎಂತ ಹೇಳ್ತು?” ಎಂದಳು ಆಯಿ.

“ಅದು ಹಂದ್ತಾ ಇದ್ದಡ. ಅಡ್ಡಿಲ್ಲೆ, ಮನೆಗೆ ಹೋಗಿ ಹೇಳ್ತು.”

ಆಯಿಗೆ ಸಿಟ್ಟು ಬಂತು. “ಎಲ್ಲಿ ಹಂದ್ತಾ ಇದ್ದು? ಇದಕ್ಕೆ ಕಣ್ಣು ಕಾಣ್ತಿಲ್ಯ? ನೋಡು, ಕಟ್ಟಿಗೆ ಕುಂಟೆ ಬಿದ್ದಂಗೆ ಬಿದ್ದಿದ್ದು. ಒಂದು ದೀಪ ಎರಡು ಕಾಣ್ತು ಹೇಳಿತ್ತು ಬೆಳಿಗ್ಗೆ. ಹೊಟ್ಟೆಲಿಪ್ಪದಕ್ಕೆ ಎಂತೂ ಆಜಿಲ್ಲೆ. ಇದಕ್ಕೆ ಆಜು, ಇದಕ್ಕೆ!” ಎಂದು ಅಕ್ಕನ ಭುಜ ಮುಟ್ಟಿ ತೋರಿಸಿದಳು.

ಆಯಿ ಹೇಳುತ್ತಿದ್ದದ್ದು ಅಕ್ಕನಿಗೇ ಏನೋ ಆಗಿದೆ ಎಂದು, ಡಾಕ್ಟರರು ನನ್ನ ಇಟ್ ಎಂದರೆ ಹೊಟ್ಟೆಯ ಮಗು ಎಂದುಕೊಂಡಿದ್ದರು. ಮುಂದಿನ ರೋಗಿ ಆಗಲೇ ಒಳಗೆ ಬಂದು ನಿಂತಿದ್ದಳು. ನಾನು ಡಾಕ್ಟರರ ಮೇಜಿನ ಅಂಚು ಹಿಡಿದುಕೊಂಡು, ಕೂಗಿದಂತೆಯೇ ಹೇಳಿದೆ:

“ನೋ, ನೋ. ನಾಟ್ ಇಟ್. ಶೀ! ಇಟ್ ಈಸ್ ಮೂವಿಂಗ್. ಶೀ ಈಸ್ ನಾಟ್ ಮೂವಿಂಗ್.”

“ಹೂ ಈಸ್ ಶೀ?”

“ಮೈ ಸಿಸ್ಟರ್. ಶೀ ಈಸ್ ನಾಟ್ ಸ್ಪೀಕಿಂಗ್, ನಾಟ್ ಈಟಿಂಗ್. ಒನ್ ಲ್ಯಾಂಪ್, ಶೀ ಸೀಸ್ ಟೂ.”

ದೀಪದ ಮಾತು ಕೇಳಿದ್ದೇ ಅವರು ಮತ್ತೆ ಎದ್ದರು. ಹೊಸ ರೋಗಿಯನ್ನು ಹೊರಗೆ ಕಳಿಸಿದರು. ಅಕ್ಕನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು, ಒತ್ತಿದಲ್ಲಿ ಗುಳಿ ಹಾಗೆಯೇ ಉಳಿಯಿತು. ತೋಳಿಗೆ ಪಟ್ಟಿ ಸುತ್ತಿ ರಬ್ಬರಿನ ಉಂಡೆಯನ್ನು ಅದುಮಿದರು. ಅವಳ ಉಚ್ಚೆಯನ್ನು ಗಾಜಿನ ನಳಿಗೆಯಲ್ಲಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದಾಗ ಅದು ಮೊಸರಿನ ಹಾಗೆ ಬೆಳ್ಳಗಾದದ್ದನ್ನು ನಾನೂ ನೋಡಿದೆ. ಅಕ್ಕನನ್ನು ಒಳಗಿನ ಕೋಣೆಯಲ್ಲಿ ಮಲಗಿಸಿ, ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದರು, ಸೂಜಿ ಚುಚ್ಚಿದರು. ಉಪ್ಪು ಕೊಡಬಾರದು, ಸದ್ದಾಗಬಾರದು ಎಂದರು. ನೀವು ಹಾಗೆಯೇ ತಿರುಗಿ ಹೋಗಿದ್ದರೆ ಬಸ್ಸಿನಲ್ಲಿಯೇ ಇವಳಿಗೆ ಸೆಳವು ಬರುತ್ತಿತ್ತು ಎಂದು ಆಮೇಲೆ ನನಗೆ ಹೇಳಿದರು. ಅದನ್ನು ನಾನು ಆಯಿಗೆ ಹೇಳಲಿಲ್ಲ.

ಹೆರಿಗೆಯಾಗುವವರೆಗೆ ನಾವು ಅಲ್ಲಿಯೇ ಉಳಿದೆವು. ಕಂಪೌಂಡರ್ ತಿರುಗಿ ಬಂದ ಮೇಲೂ ಆಯಿಗೆ ನನ್ನ ಬಾಯಿಂದಲೇ ಕೇಳಬೇಕು. ಅಲ್ಲಿ ಇನ್ನೊಂದು ಕಷ್ಟ ಎದುರಾಯಿತು. ಡಾಕ್ಟರರು ಆಯಿಯನ್ನು ಗದರುತ್ತಿದ್ದರು. ಯು ಶುಡ್ ಹ್ಯಾವ್ ಕಮ್ ಅರ್ಲಿಯರ್. ಈ ಯು ಎಂಬುದು ನೀನೋ, ನೀವೋ? ನಾನು ‘ನೀನು ಮೊದಲೇ ಬರಕಾಗಿತ್ತು’ ಎಂದೆ. “ಯಂಗೇ ಹೇಳ್ತ್ಯನೆ?” ಎಂದು ಆಯಿ, ತನಗೇ ನಾನು ಬುದ್ಧಿ ಹೇಳಿದೆನೆಂದುಕೊಂಡು, ನನ್ನ ಮೇಲೆಯೇ ಹರಿಹಾಯ್ದಳು. ಅವತ್ತಿನಿಂದ ಪ್ರತಿ ಮಾತಿಗೂ ಮೊದಲು ‘ಡಾಕ್ಟರ್ ಬಾಯಿ ಹೇಳ್ತು’ ಎಂದು ಸೇರಿಸತೊಡಗಿದೆ.

ಆಯಿಗೋ ಡಾಕ್ಟರರ ಬಗ್ಗೆ ಕುತೂಹಲ. “ಅದಕ್ಕೆ ಮದುವೆ ಆಜಿಲ್ಯ ಕೇಳು,” ಎಂದು ದಿನಾ ಪೀಡಿಸುತ್ತಿದ್ದಳು. ಕೊನೆಗೆ ಕೇಳಿದೆ. ಈ ಸಲ ಎಚ್ಚರದಿಂದಲೇ ಕೇಳಿದೆ. “ಮೈ ಮದರ್ ಈಸ್ ಆಸ್ಕಿಂಗ್, ಈಸ್ ಶೀ ಮ್ಯಾರೀಡ್?”

“ಯಾರು? ನಿನ್ನ ಅಕ್ಕನೇ?” ಎಂದರು ಡಾಕ್ಟರರು ಇಂಗ್ಲಿಷಿನಲ್ಲಿ, ಗಾಬರಿಯಾಗಿ.

“ಯು,” ಎಂದೆ ನಾನು.

ಅವರು ನಕ್ಕಿದ್ದನ್ನು ನಾವು ಮೊದಲ ಬಾರಿ ನೋಡಿದ್ದು ಆಗ. ಆಗಿಲ್ಲ ಎಂದರು. ಆಯಿ ಅಯ್ಯೋ ಎಂದಳು. ಅದನ್ನು ಭಾಷಾಂತರ ಮಾಡಬೇಕಾಗಿ ಬರಲಿಲ್ಲ.

ಅಕ್ಕನಿಗೆ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿದರು. ಹೆಣ್ಣು ಮಗು, ಅಂಗೈಯಷ್ಟು ಮುಖ. ಹತ್ತಿಯಲ್ಲಿ ಸುತ್ತಿ ಇಟ್ಟರು. ನಡುವೆ ಒಂದು ದಿನ ಅದು ಹಾಲು ಎಳೆಯದೆ ಎಲ್ಲರೂ ಆಸೆ ಬಿಟ್ಟಿದ್ದೆವು. ಡಾಕ್ಟರರೇ ಕೂತು ಬತ್ತಿಯಿಂದ ಹಾಲು ಹನಿಸಿದರು. ಅಕ್ಕನ ತಲೆನೋವು ನಿಂತಿತು, ಬಾವು ಇಳಿಯಿತು. ಕಣ್ಣು ಮಾತ್ರ ಮೊದಲಿನಷ್ಟು ಚುರುಕಾಗಲೇ ಇಲ್ಲ. ಸೂಜಿಗೆ ದಾರ ಪೋಣಿಸಲು ಕೊನೆಯವರೆಗೂ ಬೇರೆಯವರನ್ನು ಕರೆಯುತ್ತಿದ್ದಳು.

ಅಪ್ಪಯ್ಯ ಕಾರವಾರದಿಂದ ನೇರವಾಗಿ ಕುಮಟೆಗೆ ಬಂದರು. ಕಚೇರಿಯಲ್ಲಿ ಸಾಹೇಬರಿಗೆ ಕಾಗದ ಬರೆದು ಬರೆದು ಅವರ ಇಂಗ್ಲಿಷ್ ಬಹಳ ಶುದ್ಧವಾಗಿತ್ತು. ಡಾಕ್ಟರರ ಮುಂದೆ ಟೊಪ್ಪಿ ಸರಿ ಮಾಡಿಕೊಂಡು ನಿಂತು, ನೆಲ ನೋಡುತ್ತ, “ವೀ ಆರ್ ಗ್ರೇಟ್‌ಫುಲ್ ಟು ದಿ ಲೇಡಿ ಡಾಕ್ಟರ್. ಶೀ ಹ್ಯಾಸ್ ಸೇವ್ಡ್ ಅವರ್ ಡಾಟರ್,” ಎಂದರು. ಎದುರಿಗಿದ್ದವರಿಗೆ ಯು ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಡಾಕ್ಟರರು ಒಮ್ಮೆ ನನ್ನ ಕಡೆ ನೋಡಿದರು. “ಆತು, ಆತು,” ಎಂದರು ಅವರು ಅಪ್ಪಯ್ಯನಿಗೆ. ಅಷ್ಟು ಕನ್ನಡ ಅವರಿಗೆ ಆ ಹೊತ್ತಿಗೆ ಬಂದಿತ್ತು.

ಮಳೆಗಾಲ ಹಿಡಿಯುವ ಮೊದಲು ಭಾವ ಬಂದು ಅಕ್ಕನನ್ನೂ ಮಗುವನ್ನೂ ಭಟ್ಕಳಕ್ಕೆ ಕರೆದುಕೊಂಡು ಹೋದರು. ತಾರಿ ದೋಣಿಯ ತನಕ ನಾವೆಲ್ಲ ಹೋದೆವು. ದೋಣಿ ದಡ ಬಿಟ್ಟ ಮೇಲೂ ಆಯಿ, ತಲೆಗೆ ಗಾಳಿ ಬಡಿಯದಂತೆ ಮುಚ್ಚು, ಮುಚ್ಚು ಎಂದು ಕೂಗುತ್ತಲೇ ಇದ್ದಳು. ಯಾರ ತಲೆ, ತನ್ನದೋ ಮಗುವಿನದೋ ಎಂದು ತಿಳಿಯದೆ ಅಕ್ಕ ಎರಡನ್ನೂ ಮುಚ್ಚಿಕೊಂಡಳು.