ಲಿಫ್ಟರ್ ಹೆಸರಿಗೊಂದು ಪಾಯಿಂಟು

ನಮ್ಮಣ್ಣ ಇಪ್ಪತ್ತೆರಡು ವರ್ಷ ನೀರು ಸರಬರಾಜು ಕಚೇರಿಯ ವಾಲಿಬಾಲ್ ತಂಡದಲ್ಲಿ ಆಡಿದ. ಅಷ್ಟೂ ವರ್ಷದಲ್ಲಿ ಅವನ ಹೆಸರಿಗೆ ಬಿದ್ದ ಪಾಯಿಂಟು ಸೊನ್ನೆ. ಆಟ ಬರಲ್ಲ ಅಂತಲ್ಲ. ಅವನು ಲಿಫ್ಟರ್. ಅಂದ್ರೆ ಬಂದ ಚೆಂಡನ್ನ ನೆಟ್ಟಿನ ಪಕ್ಕ ಹದವಾಗಿ ಮೇಲಕ್ಕೆ ಎತ್ತಿ ಕೊಡೋನು. ಅದನ್ನ ಹಾರಿ ಹೊಡೆದು ಚಪ್ಪಾಳೆ ಗಿಟ್ಟಿಸೋನು ಬೇರೆಯವನು. ಪೇಪರಲ್ಲಿ ಫೋಟೊ ಬರೋದೂ ಆ ಬೇರೆಯವನದೇ. ನಮ್ಮಣ್ಣನದು ಎರಡು ಸಲ ಬಂದಿದೆ, ಬರೀ ಮೊಣಕೈ.

ಈ ರೋಗ ಅಂಟಿಸಿದ್ದು ನಾನೇ, ಒಪ್ಕೋತೀನಿ. ನಮ್ಮನೆ ಹಿಂದೆ ಬಟ್ಟೆ ಒಣಹಾಕೋ ಹಗ್ಗ ಇತ್ತು. ಅದೇ ನಮಗೆ ನೆಟ್ಟು. ಅವನಿಗೆ ಹನ್ನೆರಡು, ನನಗೆ ಏಳು. ಹೊಡೆಯೋದು ಯಾವಾಗಲೂ ನಾನೇ ಆಗಬೇಕು, ಇಲ್ಲಾಂದ್ರೆ ಬೀದಿಗೆಲ್ಲ ಕೇಳೋ ಹಾಗೆ ರಂಪ. "ಅಣ್ಣಾ, ನಂಗೆ ಕೊಡು" ಅಂದ್ರೆ ಸಾಕು, ಅವನು ಎಲ್ಲಿದ್ರೂ ಚೆಂಡು ಬಂದು ನನ್ನ ಮುಂದೆ ಸರಿಯಾಗಿ ಒಂದು ಮೊಳ ದೂರದಲ್ಲಿ ಇಳಿಯೋದು. ನಾನು ಹೊಡೆದಿದ್ದು ಅಮ್ಮ ಒಗೆದು ಹಾಕಿದ ಬೆಡ್‌ಶೀಟಿಗೆ ಬೀಳೋದು, ಬೈಗುಳ ಅವನಿಗೆ ಬೀಳೋದು.

ಕೊಡೋ ಚಟ ಆಮೇಲೆ ಮೈಗೇ ಹತ್ತಿಬಿಟ್ಟಿತು. ಊಟಕ್ಕೆ ಕೂತಾಗ ನೀರಿನ ಲೋಟ ಕೇಳಿದ್ರೆ ಹತ್ತೂ ಬೆರಳಲ್ಲಿ ಎತ್ತಿ ನಮ್ಮ ತಲೆ ಮಟ್ಟಕ್ಕೆ ಹಿಡೀತಾನೆ. ಬಸ್ಸಿಗೆ ನಿಂತ್ರೆ ಎಲ್ಲರನ್ನೂ ಹತ್ತಿಸಿ ತಾನು ಕೆಳಗೇ ಉಳೀತಾನೆ. ಅತ್ತಿಗೆ ಒಂದು ಸಲ ನನ್ನ ಹತ್ರ ಹೇಳಿದ್ರು: "ನಿಮ್ಮಣ್ಣ ಮೊದಲನೇ ಸಲ ನನ್ನ ಜೊತೆ ಮಾತಾಡಿದ್ದು ಪೂರಾ ಪಕ್ಕದಲ್ಲಿದ್ದ ಸ್ನೇಹಿತನ ಗುಣಗಾನ. ಮದುವೆ ಯಾರ ಜೊತೆ ಅಂತ ನಾನೇ ಕೇಳಬೇಕಾಯ್ತು."

ಅವನು ಎತ್ತಿಕೊಟ್ಟ ಚೆಂಡು ಹೊಡೆದೂ ಹೊಡೆದೂ ತಂಡದ ಉಳಿದ ಐವರೂ ಬಡ್ತಿ ಮೇಲೆ ಬಡ್ತಿ ಪಡೆದು ಕುರ್ಚಿ ಸೇರಿದ್ರು. ಒಬ್ಬ ಮೇಲಧಿಕಾರಿಯೇ ಆದ. ನಮ್ಮಣ್ಣನ ಹುದ್ದೆ ಮಾತ್ರ ಸೇರಿದ ದಿನದ್ದೇ, 'ಆಟಗಾರ'. ಹುದ್ದೆ ಅದಾದ್ಮೇಲೆ ಬೇರೆ ಕೆಲಸ ಕೊಡೋ ಹಾಗಿಲ್ಲವಂತೆ. ಹಾಗಾಗಿ ತಂಡವೇ ಇಲ್ಲದಿದ್ರೂ ದಿನಾ ಹತ್ತಕ್ಕೆ ಮೈದಾನಕ್ಕೆ ಹೋಗಿ ಸಹಿ ಹಾಕ್ತಾನೆ, ಉಂಗುರದ ಬೆರಳಿಗೆ ಅಂಟುಪಟ್ಟಿ ಸುತ್ತಿಕೊಂಡು ಐದರವರೆಗೆ ಪಂಪ್‌ಹೌಸಿನ ಗೋಡೆಗೆ ಚೆಂಡು ಎತ್ತಿಕೊಡ್ತಾನೆ. ಆ ಗೋಡೆಗೂ ಬಡ್ತಿ ಸಿಗುತ್ತೇನೋ ಅಂತ ನಾನು ಕಾಯ್ತಾ ಇದ್ದೆ. ಹೋದ ವರ್ಷ ಅದಕ್ಕೆ ಹೊಸ ಬಣ್ಣ ಆಯ್ತು.

ಆಗ ಬಂತು ನೋಡಿ ಆದೇಶ. ಸ್ವಂತ ಹೆಸರಲ್ಲಿ ಒಂದು ಪಾಯಿಂಟೂ ಇಲ್ಲದ ಆಟಗಾರರನ್ನ ತಿಂಗಳ ಕೊನೆಗೆ ಕೆಲಸದಿಂದ ತೆಗೀತಾರಂತೆ. ನಾನು ನನ್ನ ಹೊಲಿಗೆ ಅಂಗಡಿ ಬಾಗಿಲು ಹಾಕಿ ಸೀದಾ ದಾಖಲೆ ಗುಮಾಸ್ತನ ಮೇಜಿನ ಮುಂದೆ ನಿಂತೆ.

"ನಮ್ಮಣ್ಣ ಸರ್ವಿಸ್ ಮಾಡಿ ಗೆದ್ದಿದ್ದು ಬೇಕಾದಷ್ಟಿದೆಯಲ್ಲ ಸ್ವಾಮಿ?"

"ಅದು ಎದುರಿನವರು ಹಿಡೀದೆ ಬಿಟ್ಟಿದ್ದು. ಅವರ ತಪ್ಪಿನ ಕಾಲಮ್ಮಲ್ಲಿದೆ. ಆಟದ ನಡುವೆ ನೆಟ್ಟಿನಾಚೆ ಬೀಳಿಸಿದ್ದು ಮಾತ್ರ ಹೆಸರಿಗೆ."

"ಎತ್ತಿಕೊಟ್ಟಿದ್ದು?"

"ಅದಕ್ಕೆ ಕಾಲಮ್ಮೇ ಇಲ್ಲ ತಾಯಿ."

ಅವನ ಕನ್ನಡಕ ಕಿತ್ತು ಎಸೆಯೋಣ ಅನ್ನಿಸ್ತು. ಅಣ್ಣನಿಗೆ ನಲವತ್ತೇಳು. ಮಗಳು ಇನ್ನೂ ಓದ್ತಾ ಇದ್ದಾಳೆ. ಈ ವಯಸ್ಸಲ್ಲಿ ಎತ್ತಿಕೊಡೋದೊಂದೇ ಬರುತ್ತೆ ಅಂತ ಹೇಳ್ಕೊಂಡು ಯಾರ ಮುಂದೆ ಹೋಗಿ ನಿಲ್ಲಬೇಕು? ನನಗೆ ನಿಜವಾಗ್ಲೂ ಹೆದರಿಕೆಯಾಯ್ತು.

ಪುಣ್ಯಕ್ಕೆ ಆ ಐವರು ಉಂಡಿದ್ದು ಮರೆತವರಲ್ಲ. ಮೇಲಧಿಕಾರಿಯೇ ವಿದ್ಯುತ್ ಕಚೇರಿಯವರ ಜೊತೆ ಒಂದೇ ಸೆಟ್ಟಿನ ಪಂದ್ಯ ಗೊತ್ತು ಮಾಡಿದ. ಹಳೇ ಜೆರ್ಸಿ ಒಬ್ಬರ ಹೊಟ್ಟೆಗೂ ಹತ್ತಲಿಲ್ಲ. ಎರಡೂ ಪಕ್ಕ ಬಿಚ್ಚಿ ಅಂಗೈ ಅಗಲದ ಪಟ್ಟಿ ಸೇರಿಸಿಕೊಟ್ಟವಳು ನಾನು. ಒಪ್ಪಂದ ಇಷ್ಟೇ: ವಿದ್ಯುತ್ ಕಚೇರಿಯವರು ಸರ್ವಿಸ್ ಹಾಕಿ ಕಂಬದ ಹಾಗೆ ನಿಲ್ಲೋದು, ನಮ್ಮವರು ಚೆಂಡನ್ನ ಅಣ್ಣನಿಗೆ ಕೊಡೋದು, ಅವನು ನೆಟ್ಟಿನಾಚೆ ಹಾಕೋದು. ಹಸುಗೂಸೂ ಮಾಡೋ ಕೆಲಸ.

ಮೊದಲ ಚೆಂಡು ಬಂತು. ಮೇಲಧಿಕಾರಿ ಅಣ್ಣನಿಗೆ ಕೊಟ್ಟ. ಅಣ್ಣ ಅದನ್ನ ಚೆಂದವಾಗಿ ಎತ್ತಿ ಮೇಲಧಿಕಾರಿಗೇ ವಾಪಸ್ ಕೊಟ್ಟ. ಅವನು ಕೈಕಟ್ಟಿ ನಿಂತ. ಚೆಂಡು ನಮ್ಮ ಅಂಗಳದಲ್ಲೇ ಬಿತ್ತು.

"ನೀನೇ ಆಚೆ ಹಾಕಪ್ಪಾ" ಅಂದ ಮೇಲಧಿಕಾರಿ.

"ಹೂಂ ಹೂಂ, ಗೊತ್ತು" ಅಂದ ಅಣ್ಣ. ಮುಂದಿನದನ್ನೂ ಎತ್ತಿಕೊಟ್ಟ. ಅದರ ಮುಂದಿನದನ್ನೂ. ತಲೆಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ಹೊಡೆಯೋಕೆ ಸರಿಯಾಗಲಿ ಅಂತ ಅವರೇ ಅವನಿಗೆ ಎತ್ತಿಕೊಟ್ರೆ, ಅದರ ಕೆಳಗೆ ನುಗ್ಗಿ ಇನ್ನೂ ಎತ್ತರಕ್ಕೆ ಎತ್ತಿಕೊಟ್ಟ. ಜೊತೆಗೆ "ಯಾಕ್ರೋ ಹೊಡೀತಿಲ್ಲ, ಕೈಗೇನಾಗಿದೆ?" ಅಂತ ಅವರಿಗೇ ಬೈಗುಳ. ಅತ್ತ ಕಂಬಗಳು ನಿಂತ ಜಾಗದಿಂದ ಅಲ್ಲಾಡದೆ ಇಪ್ಪತ್ನಾಲ್ಕು ಪಾಯಿಂಟು ಗೆದ್ದಿದ್ವು. ನಮ್ಮದು ಸೊನ್ನೆ. ಇನ್ನೊಂದು ಹೋದ್ರೆ ಇಪ್ಪತ್ತೈದು, ಆಟ ಮುಗೀತು, ಅಣ್ಣನ ಕೆಲಸವೂ ಮುಗೀತು. ಪಾಯಿಂಟು ಬರೆಯೋಕೆ ಬಂದಿದ್ದ ಗುಮಾಸ್ತ ಆಗಲೇ ಪೆನ್ನಿನ ಮುಚ್ಚಳ ಹಾಕಿದ್ದ.

ನಾನು ನೆರಳಿದೆ ಅಂತ ಎದುರಾಳಿಗಳ ಅಂಗಳದ ಹಿಂದಿನ ಬೆಂಚಲ್ಲಿ ಕೂತಿದ್ದೆ. ನನ್ನ ಮೈಯೆಲ್ಲ ಉರೀತಿತ್ತು. ಕೊಡ್ತಾನೆ, ಕೊಡ್ತಾನೆ, ಸಾಯೋತನಕ ಯಾರಿಗಾದ್ರೂ ಕೊಡ್ತಾನೇ ಇರ್ತಾನೆ, ಈ ಮನುಷ್ಯನಿಗೆ ಬುದ್ಧಿ ಬರಲ್ಲ. ಯಾರಿಗಾದ್ರೂ ಕೊಡಲೇಬೇಕು ಅನ್ನೋದಾದ್ರೆ... ಅಂದುಕೊಂಡಿದ್ದೇ ತಡ, ಎದ್ದು ಓಡಿದೆ. ಅಂಗಳದ ಹಿಂದಿನ ಗೆರೆಗೆ ಕಾಲ್ಬೆರಳು ತಾಗಿಸಿ ನಿಂತೆ. ಕೊನೆ ಚೆಂಡು ಅಣ್ಣನ ತಲೆ ಮೇಲೆ ಇಳೀತಿತ್ತು.

"ಅಣ್ಣಾ, ನಂಗೆ ಕೊಡು!"

ಅವನು ತಿರುಗಿಯೂ ನೋಡಲಿಲ್ಲ. ಬೆರಳು ಮಾತ್ರ ತಿರುಗಿದ್ವು. ಚೆಂಡು ನೆಟ್ಟು ದಾಟಿ, ಆರು ಕಂಬಗಳ ತಲೆ ದಾಟಿ, ಸೀದಾ ನನ್ನ ಕಡೆ ಬಂತು. ನನ್ನ ಬಲಗೈ ತಾನಾಗೇ ಮೇಲೆದ್ದಿತ್ತು ಕಣ್ರೀ. ಹೊಡೆದಿದ್ರೆ ಎಲ್ಲ ಹಾಳಾಗ್ತಿತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬೆರಳಿಗೆ ಬೆರಳು ಹೆಣೆದು ಹಿಡ್ಕೊಂಡೆ. ಚೆಂಡು ನನ್ನ ಮುಂದೆ ಒಂದು ಮೊಳ ದೂರದಲ್ಲಿ, ಗೆರೆಯ ಒಳಗೆ ಬಿತ್ತು.

ಸೀಟಿ ಕೇಳಿಸ್ತು. ವಿದ್ಯುತ್ ಕಚೇರಿಯ ಒಬ್ಬ ಕಂಬಕ್ಕೆ ಜೀವ ಬಂದು, "ಹೊರಗಿನವರು ಕೂಗಿದ್ರಲ್ಲ?" ಅಂದ.

"ಕೂಗಿದ್ದಕ್ಕೆ ಕಾಲಮ್ಮಿಲ್ಲ" ಅಂದ ಗುಮಾಸ್ತ. ಪೆನ್ನಿನ ಮುಚ್ಚಳ ತೆಗೆದ. ನಮ್ಮಣ್ಣನ ಹೆಸರಿನ ಮುಂದೆ ಒಂದು ಅಂತ ಬರೆದ.

ಐವರು ಹೊಟ್ಟೆ ಕುಣಿಸುತ್ತಾ ಅಣ್ಣನನ್ನ ಎತ್ತೋಕೆ ಹೋದ್ರು. ಅವನು ಅವರನ್ನ ತಳ್ಳಿ, ನೆಟ್ಟಿನ ಕೆಳಗೆ ನುಸುಳಿ ನನ್ನ ಹತ್ರ ಬಂದ. ನನಗೆ ಅಳು ತಡೆಯೋಕಾಗ್ತಿರಲಿಲ್ಲ. ಅವನ ಮುಖ ಕೋಪದಲ್ಲಿ ಊದಿತ್ತು.

"ಅಷ್ಟು ಚೆನ್ನಾಗಿ ಕೊಟ್ಟಿದ್ದೆ," ಅಂದ, "ಯಾಕೇ ಹೊಡೀಲಿಲ್ಲ?"