ಕ್ಯಾಲೆಂಡರಿನಿಂದ ಇಳಿದು ಬಂದ ಸೋಮ

ದೇವರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಯಾರಾದರೂ ನಿಮ್ಮ ಮೇಲೆ ಜಗಳಕ್ಕೆ ಬಂದಿದ್ದಾರಾ? ನನ್ನ ಮೇಲೆ ಬಂದಿದ್ದಾರೆ. ಹೋದ ತಿಂಗಳು, ಒಂದು ಸೋಮವಾರ, ಪ್ರಾರ್ಥನೆ ಮುಗಿಸಿ ಮಕ್ಕಳು ಇನ್ನೂ ಸರಿಯಾಗಿ ಕೂತಿರಲಿಲ್ಲ, ಅಷ್ಟರಲ್ಲಿ.

ಮೊದಲಿಂದ ಹೇಳುತ್ತೇನೆ.

ನಾನು ದಿನಾ ಕೆ.ಆರ್. ಪೇಟೆಯಿಂದ ಬಸ್ಸು ಹಿಡಿದು ಅಕ್ಕಿಹೆಬ್ಬಾಳಿನ ಆಚೆಯ ಒಂದು ಹಳ್ಳಿ ಶಾಲೆಗೆ ಪಾಠ ಮಾಡಲು ಹೋಗುವವಳು ಅನ್ನೋದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. (ಬಸ್ಸಿನ ಗೋಳು ಬರೆದೂ ಬರೆದೂ ಸಂಪಾದಕರೇ ಸುಸ್ತಾಗಿದ್ದಾರೆ, ಇವತ್ತು ಬೇಡ.) ನನ್ನ ಸಬ್ಜೆಕ್ಟು ಸಮಾಜ. ನಮ್ಮಲ್ಲಿ ಡ್ರಾಯಿಂಗ್ ಮೇಷ್ಟ್ರಿಲ್ಲ. ಹಾಗಾಗಿ ಶನಿವಾರದ ಕೊನೆಯ ಪೀರಿಯಡ್ಡು, ಯಾರಿಗೂ ಬೇಡದ ಕೂಸು, ನನ್ನ ಕಂಕುಳಿಗೇ ಬಂದಿದೆ.

ನಮ್ಮ ಏಳನೇ ಕ್ಲಾಸಿನವರಿಗೆ ಚಿತ್ರ ಅಂದರೆ ಒಂದೇ. ಎರಡು ಬೆಟ್ಟ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನಮರ, ಆಕಾಶದಲ್ಲಿ ರೈಟ್ ಮಾರ್ಕಿನಂಥ ಹಕ್ಕಿಗಳು. ಕೂಗಳತೆಯಲ್ಲಿ ಹೇಮಾವತಿ ಹರಿಯುತ್ತಾಳೆ, ಅವಳ ಮೇಲೆ ರೈಲು ಹೋಗುತ್ತದೆ. ಅದನ್ನು ಬರೆದವರು ಒಬ್ಬರೂ ಇಲ್ಲ! "ಈ ಎರಡು ಬೆಟ್ಟ ಎಲ್ಲಿವೆಯೋ?" ಅಂತ ಒಬ್ಬನನ್ನು ಕೇಳಿದೆ. "ಡ್ರಾಯಿಂಗಲ್ಲಿ ಮಿಸ್" ಅಂದ.

ಅದೇ ಹೊತ್ತಿಗೆ, ಮೈಸೂರಿನ ಟ್ರಾವೆಲ್ ಆಫೀಸಿನಲ್ಲಿರುವ ನನ್ನ ತಮ್ಮ ಒಂದು ಹಳೇ ಕ್ಯಾಲೆಂಡರ್ ಕೊಟ್ಟ. ಫಾರಿನ್ನಿನದು. ಪುಟಕ್ಕೊಂದು ದೇಶದ ಕಲೆ. ಜಪಾನಿನ ಬೀಸಣಿಗೆ, ಮೆಕ್ಸಿಕೋದ ಮಡಕೆ, ಇರಾನಿನ ಟೈಲ್ಸು. ವರ್ಷ ಮುಗಿದರೆ ತಾರೀಕು ಹಳತಾಗುತ್ತದೆ, ಚಿತ್ರ ಹಳತಾಗುತ್ತದಾ? ಶನಿವಾರಕ್ಕೊಂದು ಹಾಳೆ ತೋರಿಸಲು ಶುರು ಮಾಡಿದೆ. ನೋಡಿ, ಮಾತಾಡಿ, ಆಮೇಲೆ ನಿಮ್ಮದೇ ಒಂದು ಮಾಡಿ. ಅಷ್ಟೇ ಸಿಲಬಸ್ಸು.

ಆಫ್ರಿಕಾದ ಹಾಳೆಯಲ್ಲಿ ಒಂದು ಮರದ ಮುಖವಾಡವಿತ್ತು. ಉಬ್ಬಿದ ಕಣ್ಣು, ಅಗಲ ಮೂಗು, ಬಾಯ್ತುಂಬ ಹಲ್ಲು. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಎರಡನೇ ಸಾಲಿನ ಸವಿತಾ ಎದ್ದು ನಿಂತಳು.

"ಮಿಸ್, ಇದು ನಮ್ ಸೋಮ ಅಲ್ವಾ?"

ನಮ್ಮ ಕಡೆ ಸೋಮನ ಕುಣಿತ ನೋಡದವರು ಯಾರಿದ್ದಾರೆ? ಊರ ದೇವತೆಯ ಮುಂದೆ ದೊಡ್ಡ ಮರದ ಮುಖ ಹೊತ್ತು ಕುಣಿಯುತ್ತಾರಲ್ಲ, ಅದೇ. ಸವಿತಾಳ ತಾತ ಚಿಕ್ಕೇಗೌಡರು ಪ್ರಾಯದಲ್ಲಿ ಸೋಮನನ್ನು ಹೊತ್ತು ಕುಣಿದವರಂತೆ. ನನಗೋ ಖುಷಿಯೋ ಖುಷಿ. ಆಫ್ರಿಕಾಕ್ಕೂ ಅಕ್ಕಿಹೆಬ್ಬಾಳಿಗೂ ಒಂದೇ ನಿಮಿಷದಲ್ಲಿ ನೆಂಟಸ್ತಿಕೆ ಕುದುರಿತ್ತು!

ಮುಂದಿನ ಶನಿವಾರ ರದ್ದಿ ಪೇಪರು, ಮೈದಾ ಅಂಟು. ಮಡಕೆಯ ಮೇಲೆ ಪೇಪರು ಅಂಟಿಸಿ ಎಲ್ಲರೂ ಮುಖವಾಡ ಮಾಡಿದರು. ಸವಿತಾ ಮಾಡಿದ ಕೆಂಪು ಸೋಮ ಎಷ್ಟು ಚೆನ್ನಾಗಿತ್ತೆಂದರೆ, "ಮನೇಲಿ ತೋರ್ಸು" ಅಂತ ನಾನೇ ಕಳಿಸಿದೆ.

ತೋರಿಸಿದಳು. ಸೋಮವಾರ ಟವೆಲ್ಲು ಬಂತು.

"ಏನ್ ಮೇಡಮ್ಮೋರೆ, ಸೋಮ ಅಂದ್ರೆ ಆಟದ್ ಸಾಮಾನಾ?" ಚಿಕ್ಕೇಗೌಡರ ದನಿಗೆ ಪಕ್ಕದ ಕ್ಲಾಸೂ ಸುಮ್ಮನಾಯಿತು. "ಉಪಾಸ ಇದ್ದು, ಮಡಿ ಉಟ್ಕಂಡು ಮುಟ್ಟೋ ಮಕ ಅದು. ಇವ್ಳು ಪೇಪರಲ್ಲಿ ಮಾಡ್ಕಬಂದು ಗೋಡೆ ಮೊಳೆಗೆ, ಲಂಗದ್ ಪಕ್ಕ ನೇತಾಕವ್ಳೆ! ಇದೇನಾ ನೀವು ಕಲ್ಸೋದು? ನಾಳೆಯಿಂದ ಇವ್ಳು ಇಸ್ಕೂಲಿಗೆ ಬರಾಕಿಲ್ಲ. ಎಮ್ಮೆ ನೋಡ್ಕಂಡು ಮನೇಲಿರ್ಲಿ."

ಅಷ್ಟಂದು ಮೊಮ್ಮಗಳ ಕೈ ಹಿಡಿದು ಹೊರಟೇಬಿಟ್ಟರು.

ಹೆಡ್‌ಮಾಸ್ಟರು ನನ್ನನ್ನು ಕರೆದು, "ಮೇಡಂ, ಆ ಎರಡು ಬೆಟ್ಟಾನೇ ಬರೆಸ್ಬಾರ್ದಾ? ಯಾವ ಬೆಟ್ಟದೋರೂ ಜಗಳಕ್ಕೆ ಬರಲ್ಲ" ಅಂದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಮಂಗಳವಾರ ಸವಿತಾ ಬರಲಿಲ್ಲ. ಬುಧವಾರವೂ ಇಲ್ಲ. ಪಬ್ಲಿಕ್ ಪರೀಕ್ಷೆ ಹತ್ತಿರವಿತ್ತು. ಏಳನೇ ಕ್ಲಾಸಿನ ಹೆಣ್ಣುಮಗು ಒಮ್ಮೆ ಮನೆಯಲ್ಲಿ ಕೂತರೆ ಮತ್ತೆ ಎಬ್ಬಿಸುವುದು ಎಷ್ಟು ಕಷ್ಟ ಅಂತ ಹಳ್ಳಿ ಮೇಷ್ಟ್ರುಗಳನ್ನು ಕೇಳಿ. ಒಂದು ಮುಖವಾಡಕ್ಕೆ ಒಂದು ಮಗುವಿನ ಓದು ಹೋಗಬೇಕಾ? ಬುಧವಾರ ಸಂಜೆಯ ಬಸ್ಸು ಬಿಟ್ಟು ಅವರ ಮನೆಗೆ ನಡೆದೆ.

ಚಿಕ್ಕೇಗೌಡರು ಜಗಲಿಯ ಮೇಲಿದ್ದರು. ಕೂತ್ಕೊಳ್ಳಿ ಅನ್ನಲಿಲ್ಲ. ನಾನೇ ಕೂತೆ. ಸವಿತಾ ಬಾಗಿಲ ಹಿಂದೆ ನಿಂತಿದ್ದಳು, ಕಣ್ಣು ಊದಿತ್ತು.

"ಗೌಡ್ರೆ, ಸೋಮನ ನೇಮ ನಂಗೆ ಗೊತ್ತಿರ್ಲಿಲ್ಲ, ಕೇಳ್ಬೇಕಿತ್ತು" ಅಂದೆ. "ಆದ್ರೆ ಮಾಡಿ ಅಂದೋಳು ನಾನು. ಬೈಯೋದಿದ್ರೆ ನನ್ನ ಬೈರಿ. ಮಗೂಗ್ಯಾಕೆ ಶಿಕ್ಷೆ?"

ಒಳಗಿಂದ ಅಜ್ಜಿ ಟೀ ತಂದಿಟ್ಟು, ಗಂಡನ ಕಡೆ ತಿರುಗಿದರು.

"ಆ ಪೇಪರ್ ಮಕ ನಾನೂ ನೋಡ್ದೆ. ಕಣ್ಣು, ಮೀಸೆ, ಒಂದ್ ಗೆರೆ ತಪ್ಪಿಲ್ಲ. ಎಲ್ ಕಲ್ತ್ಲು? ವರ್ಸ ವರ್ಸ ನಿಮ್ ಜತೇಲೇ ನಿಂತ್ಕಂಡು ನೋಡಿ ತಾನೆ? ಹರಿದಾಕಕ್ಕೆ ನಿಮ್ಗೇ ಕೈ ಬರ್ನಿಲ್ಲ. ಅರಿಶ್ನ ಕುಂಕುಮ ಇಟ್ಟು ಹೊಳೆಗ್ ಬುಟ್ ಬಂದ್ರಿ."

ಗೌಡರು ಬಹಳ ಹೊತ್ತು ಎಮ್ಮೆಯನ್ನೇ ನೋಡಿದರು. (ಎಮ್ಮೆಯೂ ಅವರನ್ನೇ ನೋಡಿತು.) ಕೊನೆಗೆ, "ಬತ್ತಾಳೆ ಬುಡಿ ನಾಳೆಯಿಂದ. ಬ್ಯಾರೆ ಯಾರ್ ಮಕವಾದ್ರೂ ಮಾಡ್ಸಿ. ಸೋಮನ ತಂಟೆ ಬ್ಯಾಡ" ಅಂದರು. ಬಾಗಿಲ ಹಿಂದೆ ಬಳೆ ಸದ್ದಾಯಿತು. ನನಗೆ ಆಗಲೇ ಟೀ ಕುಡಿಯಲು ನೆನಪಾದದ್ದು.

ಹೊರಡುವಾಗ ಗೌಡರೇ ತಡೆದರು. "ಅದೇನೋ ಆಫ್ರಿಕದ್ದು ಅಂದ್ಲಲ್ಲ ಮಗ. ತಂದಿದೀರಾ?"

ಬ್ಯಾಗಿನಲ್ಲೇ ಇತ್ತು. ಟವೆಲ್ಲಿಗೆ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡರು. ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಇವ್ನೂ ಕುಣಿಯೋನೇ. ಎಲ್ಲವ್ನೆ ಈಗ?"

ಕೆಳಗಿನ ಸಣ್ಣ ಅಕ್ಷರ ಓದಿದೆ. "ಯೂರೋಪಲ್ಲಿ ಗೌಡ್ರೆ. ಮ್ಯೂಸಿಯಮ್ಮಲ್ಲಿ. ಗಾಜಿನ ಪೆಟ್ಟಿಗೇಲಿ ಇಟ್ಟಿರ್ತಾರೆ."

"ಅಂಗಾರೆ ಅವ್ರೂರಲ್ಲಿ ಹಬ್ಬಕ್ಕೆ ಏನ್ ಮಾಡ್ತಾರೆ?"

ನಾನು ಸಮಾಜ ಪಾಠದವಳು. ಆಫ್ರಿಕಾದ ನದಿ, ಬೆಳೆ, ಖನಿಜ ಎಲ್ಲ ಬಾಯಿಪಾಠ. ಇದು ಮಾತ್ರ ಯಾವ ಪಾಠದಲ್ಲೂ ಇರಲಿಲ್ಲ. "ಪಾಪ" ಅಂತ ಅವರೇ ಹಾಳೆ ಮಡಿಸಿ ವಾಪಸ್ಸು ಕೊಟ್ಟರು.

ಗುರುವಾರ ಸವಿತಾ ಬಂದಳು. ಶನಿವಾರ ಹೊಸ ಮುಖವಾಡ ಮಾಡಿದಳು. ದಪ್ಪ ಕನ್ನಡಕ, ಬೋಳು ತಲೆ, ಗಾಬರಿ ಬಿದ್ದ ಹುಬ್ಬು. ಹೆಡ್‌ಮಾಸ್ಟರು ಬಂದು, ತಮ್ಮ ಕನ್ನಡಕ ಏರಿಸಿಕೊಂಡು, "ಚೆನ್ನಾಗಿದೆ, ಯಾರಮ್ಮ ಇದು?" ಅಂದರು. ಕ್ಲಾಸಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. (ನಾನೂ ಬಿಡಲಿಲ್ಲ. ಕೆಲಸ ಬೇಕಲ್ಲ!)

ಮೊನ್ನೆ ಇರಾನಿನ ಹಾಳೆ ಬಿಚ್ಚಿದೆ. ಯಾವುದೋ ಹಳೇ ಕಟ್ಟಡದ ನೀಲಿ ಟೈಲ್ಸು, ಬಳ್ಳಿಯೊಳಗೆ ಬಳ್ಳಿ, ಹೂವಿನೊಳಗೆ ಹೂವು. ಇದೂ ಈಗಿರುವುದು ಯೂರೋಪಿನ ಮ್ಯೂಸಿಯಮ್ಮಿನಲ್ಲೇ ಅಂತ ಸಣ್ಣ ಅಕ್ಷರ ಓದಿ ಹೇಳಿದೆ. "ಮೊದಲು ಬಣ್ಣ ನೋಡಿ, ಆಮೇಲೆ ಗೆರೆ ನೋಡಿ, ಏನನ್ನಿಸ್ತು ಹೇಳಿ" ಅಂದೆ.

ಸವಿತಾ ಕೈ ಎತ್ತಿದಳು.

"ಮಿಸ್, ಇದ್ನ ಕೇಳಿ ತಗೊಂಡ್ ಹೋಗವ್ರಾ, ಕೇಳ್ದೆ ತಗೊಂಡ್ ಹೋಗವ್ರಾ?"